ಮೊಣಕಾಲ ಅಸ್ಥಿಬಂಧದ ಪುನಾರಚನೆ: ಒಂದು ಚರಿತ್ರೆಯ ವಿಮರ್ಶೆ

ಮೊಣಕಾಲ ಕೀಲಿನೊಳಗೆ ಕತ್ತರಿಯಂತೆ ಹಾಯ್ದಿರುವ ಎರಡು ಅಸ್ಥಿಬಂಧಗಳಲ್ಲಿ ಮುಂದಿನದು, ಕಣಕಾಲ ಎಲುಬು ಮುಂದಕ್ಕೆ ಜಾರದಂತೆ ತಡೆಯುವುದು. ಹರಿದ ಈ ಬಂಧವನ್ನು ಸರಿಪಡಿಸುವ ಶಸ್ತ್ರಕ್ರಿಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಸೋಪಾನಕ್ರಮವಾಗಿ ನಿರೂಪಿಸುವುದುಂಟು: ಮೊದಲು ಹೊಲಿಗೆ, ಅನಂತರ ಕಸಿ, ಆಮೇಲೆ ಆರ್ತ್ರೊಸ್ಕೋಪ್ ಎಂಬ ಕೀಲುದರ್ಶಕ. ಪ್ರತಿಯೊಂದು ಮೆಟ್ಟಿಲೂ ಹಿಂದಿನದನ್ನು ನಿರಾಕರಿಸಿ ಮೇಲೇರಿತೆಂಬುದು ಇದರ ತಾತ್ಪರ್ಯ. ಈ ನಿರೂಪಣೆ ಹಿತಕರವಾಗಿದ್ದರೂ ಸಂಗತಿಗಳಿಗೆ ಒಪ್ಪುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಹೊಲಿಗೆಯನ್ನು ಪರಿಶೀಲಿಸೋಣ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೊ ರಾಬ್ಸನ್, 41 ವರ್ಷದ ಗಣಿ ಕೆಲಸಗಾರನೊಬ್ಬನ ಹರಿದ ಬಂಧಗಳನ್ನು ಹೊಲಿದನು. ಅದರ ವರದಿ 1903ರಲ್ಲಿ ಪ್ರಕಟವಾಯಿತು. ಈ ಪದ್ಧತಿ ದೀರ್ಘಕಾಲ ನಡೆಯಿತು. ಆದರೆ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾರ್ಥಿಗಳನ್ನು ಐದು ವರ್ಷ ಗಮನಿಸಿದ ಫೀಗಿನ್ ಮತ್ತು ಕರ್ಲ್ ಅವರ 1976ರ ಲೇಖನವು ಅದರಲ್ಲಿದ್ದ ವಿಶ್ವಾಸವನ್ನು ಕುಗ್ಗಿಸಿತು. ಸೋಪಾನದ ನ್ಯಾಯದಂತೆ ಅದು ಅಲ್ಲಿಗೆ ಮುಗಿಯಬೇಕಿತ್ತು. ಹಾಗಾಗಲಿಲ್ಲ. ಹರಿದ ತುದಿಗಳ ನಡುವೆ ರೋಗಿಯ ರಕ್ತದಿಂದ ತೊಯ್ದ ಕೊಲ್ಲಜನ್ ತುಂಡನ್ನಿರಿಸುವ, ಮಾರ್ಥಾ ಮರ್ರೆ ಅವರು ರೂಪಿಸಿದ ಕ್ರಮಕ್ಕೆ 2020ರಲ್ಲಿ ಅಮೆರಿಕದ ಸರಕಾರವು ಅನುಮತಿ ನೀಡಿತು. ಹಳೆಯ ಉದ್ದೇಶವೇ ಹೊಸ ಸಾಧನದೊಡನೆ ಮರಳಿ ಬಂದಿತು.

ಕಸಿಯ ಕಥೆಯೂ ಇಂಥದೇ. 1917ರಲ್ಲಿ ಬ್ರಿಸ್ಟಲಿನ ಹೇ ಗ್ರೋವ್ಸ್ ತೊಡೆಯ ಹೊರಮಗ್ಗುಲಿನ ತಂತುಪಟ್ಟಿಯನ್ನು ಎರಡೂ ಎಲುಬುಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿದನು. 1963ರಲ್ಲಿ ಕೆನೆತ್ ಜೋನ್ಸ್ ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವನ್ನು ಬಳಸಿದನು. ಕೀಲುದರ್ಶಕವು ಗಾಯವನ್ನು ಕಿರಿದಾಗಿಸಿತು. ಸುರಂಗದ ತತ್ತ್ವವನ್ನು ಬದಲಿಸಲಿಲ್ಲ. 1980ರ ದಶಕದಲ್ಲಿ ಮೆರೆದ ಗೋರ್‌ಟೆಕ್ಸ್ ಮೊದಲಾದ ಕೃತಕ ಬಂಧಗಳಾದರೋ ಕೀಲಿನೊಳಗೆ ಸವೆದು, ಉರಿಯೂತವನ್ನುಂಟುಮಾಡಿ ಹಿಂದೆ ಸರಿದುವು. ಇದಕ್ಕೆ ಪ್ರತಿಯಾಗಿ, ಫ್ರಾನ್ಸಿನ ಲೆಮೇರ್ 1967ರಲ್ಲಿ ಪ್ರಕಟಿಸಿದ ಹೊರಮಗ್ಗುಲಿನ ಬಿಗಿತವು ಬಹುಕಾಲ ಬದಿಗೆ ಬಿದ್ದಿದ್ದು ಮತ್ತೆ ಎದ್ದು ಬಂದಿತು. 618 ಮಂದಿ ತರುಣರನ್ನೊಳಗೊಂಡ 2020ರ ಪರೀಕ್ಷೆಯಲ್ಲಿ, ಕಸಿಯೊಡನೆ ಇಂಥ ಬಿಗಿತವನ್ನೂ ಸೇರಿಸಿದಾಗ, ಎರಡು ವರ್ಷಗಳೊಳಗೆ ಕಸಿ ಹರಿದವರ ಪ್ರಮಾಣವು ಶೇಕಡಾ 11ರ ಬದಲು 4 ಮಾತ್ರವಾಗಿದ್ದಿತು.

ಸೋಪಾನದ ನಿರೂಪಣೆಯಲ್ಲಿ ಇದಕ್ಕಿಂತ ಗುರುತರವಾದ ದೋಷವೊಂದಿದೆ. ಅದು ಶಸ್ತ್ರ ತಗುಲಿದ ಮೊಣಕಾಲುಗಳನ್ನು ಮಾತ್ರ ಎಣಿಸುತ್ತದೆ. ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 121 ಮಂದಿ ಚಟುವಟಿಕೆಯ ಯುವಜನರನ್ನು ಎರಡು ಪಂಗಡಗಳಾಗಿ ವಿಂಗಡಿಸಿದ್ದರು. ಎಲ್ಲರಿಗೂ ವ್ಯಾಯಾಮ ಚಿಕಿತ್ಸೆಯುಂಟು. ಒಂದು ಪಂಗಡಕ್ಕೆ ಶೀಘ್ರವಾಗಿ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಅಗತ್ಯ ಕಂಡರೆ ಮಾತ್ರ. ಎರಡು ವರ್ಷಗಳ ಬಳಿಕ ರೋಗಿಗಳೇ ಹೇಳಿದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಪಂಗಡದ 59 ಮಂದಿಯಲ್ಲಿ ಅಷ್ಟರೊಳಗೆ ಶಸ್ತ್ರಕ್ರಿಯೆಗೆ ಒಳಗಾದವರು 23; ಐದು ವರ್ಷಗಳ ವೇಳೆಗೆ 30. ವೃತ್ತಿಪರ ಕ್ರೀಡಾಪಟುಗಳು ಇದರಲ್ಲಿ ಸೇರಿರಲಿಲ್ಲವಾದ್ದರಿಂದ ಈ ನಿರ್ಣಯವನ್ನು ಎಲ್ಲರಿಗೂ ಅನ್ವಯಿಸುವುದು ಸಲ್ಲದು. ಆದರೂ ಶಸ್ತ್ರವಿಲ್ಲದೆ ಸುಧಾರಿಸಿದವರಿಗೆ ಎಡೆಗೊಡದ ಚರಿತ್ರೆ ಅಪೂರ್ಣವೆಂಬುದನ್ನು ಒಪ್ಪಲೇಬೇಕು.

ಆದುದರಿಂದ ಯಾರು ಮೊದಲಿಗರು, ಯಾವುದು ನೂತನ ಎಂಬ ಪ್ರಶ್ನೆಗಳಿಗಿಂತ, ಎಷ್ಟು ಮಂದಿಯನ್ನು ಎಷ್ಟು ವರ್ಷ, ಯಾರೊಡನೆ ಹೋಲಿಸಿ ನೋಡಿದರೆಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. ಮೇಯೊ ರಾಬ್ಸನ್ನನಿಗಿದ್ದುದು ಒಬ್ಬ ರೋಗಿಯ ಸಾಕ್ಷ್ಯ. ಅಂಥ ಸಾಕ್ಷ್ಯದಿಂದ ಹೋಲಿಕೆಯ ಪರೀಕ್ಷೆಗೆ ನಡೆದು ಬಂದುದೇ ಈ ಚರಿತ್ರೆಯಲ್ಲಿ ನಿಜವಾದ ಮುನ್ನಡೆಯೆಂದು ನಾವು ಎಣಿಸುತ್ತೇವೆ.