ಒರೆಗೆ ಹೋಗದ ಕತ್ತಿಗಳು

ಕಲ್ಪನೆಯ ಲೋಕವೊಂದಕ್ಕೆಂದು ಕಂಪ್ಯೂಟರಿನಲ್ಲಿ ಯಾರಾದರೂ ಮಾಡಿದ ಕತ್ತಿ ಕಣ್ಣಿಗೆ ಬಿದ್ದರೆ ನಾನು ಅಲಗನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಹಿಡಿಯನ್ನು. ಅಂಗೈ ಅದರಲ್ಲಿ ಹಿಡಿಸುತ್ತದೆಯೇ, ಬೀಸಿದಾಗ ಜಾರದಂತೆ ತಡೆಯುವುದು ಏನು? ಆಮೇಲೆ ಒರೆ. ಬಹುಪಾಲು ಚಿತ್ರಗಳಲ್ಲಿ ಒರೆಯೇ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಅಲಗಿನ ತುಂಬ ಮುಳ್ಳು, ಕೊಕ್ಕೆ, ಗರಗಸದ ಹಲ್ಲು, ನಡುವೆ ಉರಿಯುವ ನೀಲಿ ಕಲ್ಲು. ಮಾಂತ್ರಿಕರ ಲೋಕವಲ್ಲವೇ, ಅಲ್ಲಿ ಎಲ್ಲ ನಡೆಯುತ್ತದೆ ಎನ್ನುವವರಿದ್ದಾರೆ. ಡ್ರ್ಯಾಗನ್ ಹಾರಲಿ, ನನ್ನ ಅಭ್ಯಂತರವಿಲ್ಲ. ಆದರೆ ಆ ಲೋಕದವನೂ ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಮೆಟ್ಟಿಲು ಹತ್ತಬೇಕು, ಕುದುರೆ ಏರಬೇಕು, ಊಟಕ್ಕೆ ಕೂರಬೇಕು.

ತೂಕದ ವಿಷಯವೂ ಹಾಗೆಯೇ. ಮಧ್ಯಯುಗದ ಯುರೋಪಿನ ಒಂಟಿಗೈ ಕತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೊ ತೂಗುತ್ತದೆ, ಅಷ್ಟೇ. 1997ರಲ್ಲಿ ಬಂದ 'ಫೈನಲ್ ಫ್ಯಾಂಟಸಿ 7' ವಿಡಿಯೊ ಆಟದ ನಾಯಕ ಕ್ಲೌಡ್ ತನ್ನಷ್ಟೇ ಎತ್ತರವೆನಿಸುವ ಕತ್ತಿ ಹೊತ್ತು ಬಂದ ಮೇಲೆ ಗಾತ್ರಕ್ಕೆ ಲಗಾಮು ಇಲ್ಲದಾಯಿತು. ಆ ಕತ್ತಿ ನನಗೆ ಇಷ್ಟವೇ. ಅದು ತಾನು ಉತ್ಪ್ರೇಕ್ಷೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದರ ಮರಿಗಳು ಮಾತ್ರ ಬೇಡ. ಅನುಮಾನವಿದ್ದರೆ ತೂಕದ ಲೆಕ್ಕ ಹಾಕಬಹುದು. ತ್ರೀಡಿ ಮಾದರಿ ಮಾಡುವ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ತ್ರೀಡಿ ಮುದ್ರಣಕ್ಕೆಂದು ಇರುವ ಆಡ್-ಆನ್ ಮಾದರಿಯ ಘನ ಅಳತೆಯನ್ನು ಹೇಳುತ್ತದೆ. ಉಕ್ಕು ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ. ಒಂದೂವರೆ ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ಪಟ್ಟಿಯೊಂದು 70 ಕಿಲೊ ದಾಟುತ್ತದೆ.

ನಿಜವಾದ ಕಮ್ಮಾರ ತೂಕ ಕದಿಯುವುದರಲ್ಲಿ ನಿಪುಣ. ಹಿಡಿಯ ಬಳಿ ದಪ್ಪವಿರುವ ಅಲಗು ಮೊನೆಯತ್ತ ಹೋದಂತೆ ತೆಳುವಾಗುತ್ತದೆ. ನಡುವಿನ ಉದ್ದ ತೋಡು ರಕ್ತ ಹರಿಯಲೆಂದು ಮಾಡಿದ್ದು ಎಂಬುದು ಬರೀ ಕಟ್ಟುಕತೆ. ಅದು ಲೋಹವನ್ನು ಕಡಿಮೆ ಮಾಡಿಯೂ ಅಲಗಿನ ಬಿಗಿಯನ್ನು ಉಳಿಸುತ್ತದೆ. ತೆರೆಯ ಮೇಲಿನ ಕತ್ತಿಗಳಲ್ಲಿ ತೋಡು ಇರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬುಡದಿಂದ ಮೊನೆಯವರೆಗೆ ಒಂದೇ ದಪ್ಪ.

ಇನ್ನು ಬೆಳಕು. ಈ ಕಲೆಯ ಅರ್ಧ ಪಾಲು ಇಲ್ಲೇ ಇದೆ. ಉಜ್ಜಿದ ಉಕ್ಕು ತೋರಿಸುವುದು ತನ್ನನ್ನಲ್ಲ, ಸುತ್ತಲಿನದನ್ನು. ಖಾಲಿ ದೃಶ್ಯದಲ್ಲಿ ಕತ್ತಿ ಇಟ್ಟು ಮೇಲ್ಮೈಯನ್ನು ಲೋಹವಾಗಿಸುವ ಮೆಟಾಲಿಕ್ ಮೌಲ್ಯವನ್ನು 1ಕ್ಕೆ ಏರಿಸಿದರೆ ಅಲಗು ಕಪ್ಪಗೆ ಕೂರುತ್ತದೆ, ಪ್ರತಿಫಲಿಸಲು ಅಲ್ಲಿ ಏನೂ ಇಲ್ಲವಲ್ಲ. ಹೊಸಬರು ಗಾಬರಿಯಾಗಿ ಆ ಮೌಲ್ಯವನ್ನು ಅರ್ಧಕ್ಕೆ ಇಳಿಸಿ ಬೂದು ಬಣ್ಣ ಬಳಿಯುತ್ತಾರೆ. ಅಲ್ಲಿಗೆ ಕತ್ತಿ ಜಾತ್ರೆಯ ಪ್ಲಾಸ್ಟಿಕ್ ಆಟಿಕೆಯಾಯಿತು. ಮಾಡಬೇಕಾದದ್ದು ಬೇರೆ. ಪಾಲಿ ಹೇವನ್ ತಾಣದಲ್ಲಿ ಉಚಿತವಾಗಿ ಸಿಗುವ, ಸುತ್ತಲಿನ ಬೆಳಕನ್ನೆಲ್ಲ ಹಿಡಿದಿಟ್ಟ ಎಚ್‌ಡಿಆರ್‌ಐ ಚಿತ್ರವೊಂದನ್ನು ಆಕಾಶವಾಗಿ ಹೊದಿಸಿ, ಅಲಗಿನ ಒಂದು ಕಡೆ ದೊಡ್ಡ ಬಿಳಿ ಹಲಗೆ, ಇನ್ನೊಂದು ಕಡೆ ಕಪ್ಪು ಹಲಗೆ ನಿಲ್ಲಿಸಿ. ಬಿಳುಪು ಕಪ್ಪಿಗೆ ತಿರುಗುವ ಗೆರೆ ಅಲಗಿನ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಉಕ್ಕು ಕಾಣುತ್ತದೆ. ಸಾಣೆ ಹಿಡಿದ ಅಲಗಿನ ಸಣ್ಣ ಗೀರುಗಳೆಲ್ಲ ಒಂದೇ ದಿಕ್ಕಿಗೆ ಇರುವುದರಿಂದ ಹೊಳಪು ಆ ಗೀರುಗಳಿಗೆ ಅಡ್ಡವಾಗಿ ಹಿಗ್ಗುತ್ತದೆ. ಆ್ಯನಿಸೊಟ್ರೋಪಿಕ್ ಎಂಬ ಗುಂಡಿ ಇರುವುದು ಇದಕ್ಕೇ. ಬಾಯಿಗೆ ಕೂದಲೆಳೆಯಷ್ಟು ಬೆವೆಲ್, ಅಂದರೆ ಓರೆ ಅಂಚು, ಕೊಡದಿದ್ದರೆ ಎಷ್ಟು ದೀಪ ಹಚ್ಚಿದರೂ ಅಂಚು ಮಿಂಚುವುದಿಲ್ಲ.

ಸವಕಲು ತೋರಿಸುವುದರಲ್ಲಿ ಸೋಮಾರಿತನ ಬೇಗ ಬಯಲಾಗುತ್ತದೆ. ಸಬ್‌ಸ್ಟೆನ್ಸ್ ಪೇಂಟರ್‌ನಂಥ ಸಾಫ್ಟ್‌ವೇರ್ ಒಂದೇ ಕ್ಲಿಕ್ಕಿಗೆ ಎಲ್ಲ ಅಂಚುಗಳನ್ನೂ ಒಂದೇ ಸಮನೆ ತರಚಿ ಕೊಡುತ್ತದೆ. ಬಳಸಿದ ಕತ್ತಿ ಹಾಗೆ ಸವೆಯುವುದಿಲ್ಲ. ಅಂಗೈ ಉಜ್ಜುವ ಕಡೆ ಹಿತ್ತಾಳೆ ಹೊಳೆಯುತ್ತದೆ, ಬೆವರು ಕುಡಿದ ತೊಗಲು ಕಪ್ಪಾಗುತ್ತದೆ, ಏಟು ಬಿದ್ದಲ್ಲಿ ಮಾತ್ರ ಬಾಯಿ ಮುಕ್ಕಾಗುತ್ತದೆ.

'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳ ಆಯುಧಗಳು ಕಾಲು ಶತಮಾನದ ಬಳಿಕವೂ ಮಾದರಿಯಾಗಿ ಉಳಿದಿವೆಯಲ್ಲ, ಅದು ಸುಮ್ಮನೆ ಅಲ್ಲ. ಆ ಲೋಕವನ್ನು ಕಾಗದದ ಮೇಲೆ ಬಿಡಿಸಿದ ಕಲಾವಿದರಲ್ಲಿ ಒಬ್ಬರಾದ ಜಾನ್ ಹೌ ಮಧ್ಯಯುಗದ ಸೈನಿಕ ಜೀವನವನ್ನು ವೇಷ ಕಟ್ಟಿ ಮರಳಿ ಆಡಿ ತೋರಿಸುವ ತಂಡದಲ್ಲಿದ್ದವರು; ಕತ್ತಿ ಹಿಡಿದು ಗೊತ್ತಿದ್ದವರು. ಅಲ್ಲಿ ಎಲ್ಫ್‌ಗಳ ಬಳುಕುವ ಅಲಗುಗಳನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮತ ಅಲ್ಲಿನ ರಾಕ್ಷಸ ಸೈನಿಕರಾದ ಉರುಕ್-ಹೈಗಳ ಒರಟು ಕತ್ತಿಗೆ. ದಪ್ಪ ತಗಡು, ಒಂದು ನೇರ ಬಾಯಿ, ತುದಿಯಲ್ಲೊಂದು ಮೊಳೆ. ಅವಸರದಲ್ಲಿ ಸಾವಿರಗಟ್ಟಲೆ ಆಯುಧ ಉಗುಳುವ ಕುಲುಮೆಯೊಂದು ಅದರ ಹಿಂದಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ಹೀಗೆ ಹಿಂದೊಂದು ಲೋಕವಿರುವ ಆಯುಧ ಮಾಡಲು ನಮ್ಮಲ್ಲಿ ಸಾಮಗ್ರಿ ಬೇಕಾದಷ್ಟಿದೆ. ಒರೆಯ ಮಾತನ್ನೇ ತೆಗೆದುಕೊಳ್ಳಿ. ಆಟಗಳ ವೀರರೆಲ್ಲ ಉದ್ದ ಕತ್ತಿಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ತೋಳಿಗಿಂತ ಉದ್ದದ ಅಲಗನ್ನು ಬೆನ್ನಿನ ಒರೆಯಿಂದ ಹಿರಿಯುವುದು ಹೇಗೆಂದು ಯಾರೂ ಕೇಳುವುದಿಲ್ಲ. ಕೊಡವರ ಒಡಿಕತ್ತಿ ಈ ತೊಡಕನ್ನು ಎಂದೋ ಬಿಡಿಸಿದೆ. ಅದಕ್ಕೆ ಒರೆಯೇ ಇಲ್ಲ. ನಡುಪಟ್ಟಿಯ ಹಿಂಬದಿಗೆ ತೊಡಂಗ ಎಂಬ ಹಿತ್ತಾಳೆಯ ಕೊಂಡಿ. ಬರಿಯ ಅಲಗು ಅದರೊಳಗೆ ನಿಲ್ಲುತ್ತದೆ. ಅಲಗು ಅಗಲ, ಮುಂದಕ್ಕೆ ಬಾಗಿದ್ದು, ಬಾಯಿ ಇರುವುದು ಬಾಗಿನ ಒಳಮೈಯಲ್ಲಿ. ಭಾರವೆಲ್ಲ ಮುಂದೆ. ಮದುವೆಯಲ್ಲಿ ಬಾಳೆಯ ದಿಂಡನ್ನು ಒಂದೇ ಏಟಿಗೆ ಕಡಿಯುವುದನ್ನು ನೋಡಿದವರಿಗೆ ಆ ಭಾರದ ಅರ್ಥ ಗೊತ್ತು. ಕಾಡು, ಬೇಟೆ, ಮಳೆ, ಮದುವೆ, ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಎಲ್ಲ ಸೇರಿ ಆ ಆಕಾರ. ಇಂಥ ಕತ್ತಿಯಿಂದ ಹಿಂದಕ್ಕೆ ನಡೆದು ಒಂದು ಲೋಕವನ್ನೇ ಕಟ್ಟಬಹುದು. ನಮ್ಮ ಹುಡುಗರು ಮಾತ್ರ ಜಪಾನಿನ ಕಟಾನಾವನ್ನೇ ಮತ್ತೆ ಮತ್ತೆ ಮಾಡುತ್ತಿದ್ದಾರೆ.

ಟಿಪ್ಪುವಿನ ಶ್ರೀರಂಗಪಟ್ಟಣದ ಉದಾಹರಣೆಯೂ ಇದೆ. ಕತ್ತಿಯ ಹಿಡಿಯಲ್ಲಿ ಹುಲಿಯ ತಲೆ, ಫಿರಂಗಿಯ ಬಾಯಲ್ಲಿ ಹುಲಿ, ಸಿಂಹಾಸನದಲ್ಲಿ ಹುಲಿ, ಸೈನಿಕರ ಉಡುಪಿನ ಮೇಲೆ ಹುಲಿಪಟ್ಟೆ. ಒಂದೇ ಗುರುತು ಒಂದು ರಾಜ್ಯದ ಮೈಯೆಲ್ಲ ಓಡಾಡಿತು. ಕಲ್ಪನೆಯ ಲೋಕಗಳಿಗೆ ರೂಪ ಬಿಡಿಸುವ ಕಾನ್ಸೆಪ್ಟ್ ಆರ್ಟಿಸ್ಟುಗಳು ವರ್ಷಗಟ್ಟಲೆ ತಿಣುಕುವುದು ಇದಕ್ಕೇ.

ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ. ಕಾಸು ಕೊಡಬೇಕಾಗಿಲ್ಲ, ಕಲಿಯುವ ಮಟ್ಟಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಕೈಹಾಕುವ ಮನಸ್ಸಿದ್ದರೆ ಮನೆಯ ಹಿತ್ತಲಲ್ಲಿರುವ ಮಚ್ಚನ್ನೋ ಕುಡುಗೋಲನ್ನೋ ಮೊದಲು ತೂಗಿ, ದಪ್ಪವನ್ನು ಮೂರು ಕಡೆ ಅಳೆದು, ಅದನ್ನೇ ಇದ್ದಂತೆ ಮಾಡಿ ನೋಡಿ. ಡ್ರ್ಯಾಗನ್ ಕೊಲ್ಲುವ ಖಡ್ಗ ಮುಂದಿನ ತಿಂಗಳಿಗಿರಲಿ.