ತೂಕ ಇಳಿಸುವ ಚುಚ್ಚುಮದ್ದು: ಯಾವುದನ್ನು ಹೋಲಿಸಬೇಕು?

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ನಿತ್ಯ ಸುದ್ದಿಯಾದವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲವೆಂದೂ ಮೃತರಲ್ಲಿ ಹಲವರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನದಂಥ ಅಪಾಯಕಾರಕಗಳು ಇದ್ದವೆಂದೂ ಹೇಳಿತು. ಅದೇ ವರ್ಷ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಿನ ಟಿರ್ಜೆಪಟೈಡ್, ಜೂನ್‌ನಲ್ಲಿ ವೆಗೋವಿ ಹೆಸರಿನ ಸೆಮಾಗ್ಲುಟೈಡ್ ಭಾರತದ ಮಾರುಕಟ್ಟೆಗೆ ಬಂದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಧ್ಯಾಪಕರೇ, "ಎರಡರಲ್ಲಿ ಯಾವುದು ಮೇಲು?" ಎಂದು ವಿದ್ಯಾರ್ಥಿಗಳು ಕೇಳಿದರೆ ಏನು ಹೇಳುವಿರಿ?

ಮೊದಲಿಗೆ, 'ಕೊಬ್ಬು ಕರಗಿಸುವ ಸೂಜಿ' ಎಂಬ ಮಾತನ್ನು ಬಿಡಿಸಿ. ಇವು ಕೊಬ್ಬನ್ನು ನೇರವಾಗಿ ಸುಡುವುದಿಲ್ಲ. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಕಿಣ್ವವೊಂದು ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆಯುತ್ತದೆ. ಸೆಮಾಗ್ಲುಟೈಡ್ ಅದರದೇ ಕೆಲಸ ಮಾಡುವ, ಆದರೆ ಅರ್ಧಾಯು ಸುಮಾರು ಒಂದು ವಾರವಿರುವ ಅಣು. ಅದು ಮಿದುಳಿನಲ್ಲಿ ಹಸಿವನ್ನು ತಗ್ಗಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಹೆಚ್ಚಿಸುತ್ತದೆ. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳು ಹಾರ್ಮೋನಿನ ಗ್ರಾಹಕವನ್ನೂ ಮುಟ್ಟುತ್ತದೆ. ತಿನ್ನುವುದು ಕಡಿಮೆಯಾಗುವುದರಿಂದಲೇ ಮುಖ್ಯವಾಗಿ ತೂಕ ಇಳಿಯುತ್ತದೆ. ಇಳಿದುದರಲ್ಲಿ ಸ್ನಾಯುವಿನ ಪಾಲೂ ಉಂಟು. ಬರೀ ಕಿಲೋ ಎಣಿಸುವವರಿಗೆ ಇದು ಕಾಣುವುದಿಲ್ಲ.

2025ರಲ್ಲಿ ಪ್ರಕಟವಾದ ನೇರ ಹೋಲಿಕೆಯಲ್ಲಿ 751 ಮಂದಿಯನ್ನು 72 ವಾರ ಗಮನಿಸಲಾಯಿತು. ಟಿರ್ಜೆಪಟೈಡ್ ಪಡೆದವರ ತೂಕ ಶೇ. 20.2, ಸೆಮಾಗ್ಲುಟೈಡ್ ಪಡೆದವರದು ಶೇ. 13.7 ಇಳಿಯಿತು. ದೊಡ್ಡ ಅಂತರವೇ, ಒಪ್ಪೋಣ. ಆದರೆ ಪ್ರಯೋಗ ನಡೆಸಿದ್ದು ಟಿರ್ಜೆಪಟೈಡ್ ತಯಾರಿಸುವ ಕಂಪನಿಯೇ. ಯಾರಿಗೆ ಯಾವ ಔಷಧ ಎಂಬುದು ಎಲ್ಲರಿಗೂ ತಿಳಿದಿತ್ತು. ಭಾಗವಹಿಸಿದವರ ಸರಾಸರಿ ತೂಕ 113 ಕಿಲೋ, ಅವರಿಗೆ ಮಧುಮೇಹವಿರಲಿಲ್ಲ. ಹೊಟ್ಟೆಯಷ್ಟೇ ಮುಂದೆ ಬಂದ, ಸಕ್ಕರೆ ಕಾಯಿಲೆಯ ನಮ್ಮ 75 ಕಿಲೋದ ಗೃಹಸ್ಥರಿಗೆ ಈ ಶೇಕಡಾಗಳನ್ನು ಹಾಗೆಯೇ ಹೊಂದಿಸಲಾಗದು. ಇನ್ನು, ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತ್ತು.

ಹೃದಯದ ಮಾತಿಗೆ ಬರೋಣ. 2023ರಲ್ಲಿ ಪ್ರಕಟವಾದ 17,604 ಮಂದಿಯ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳನ್ನು ಒಟ್ಟಾರೆ ಶೇ. 20ರಷ್ಟು ತಗ್ಗಿಸಿತು ಎಂದು ಪ್ರಚಾರವಾಯಿತು. ಮೂಲ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆಯಿರಿ: ಶೇ. 8.0ರಿಂದ 6.5ಕ್ಕೆ. ಅಂದರೆ ನೂರಕ್ಕೆ ಒಂದೂವರೆ. ಪ್ರಯೋಗದಲ್ಲಿದ್ದವರೆಲ್ಲ 45 ದಾಟಿದವರು, ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರು. ಹಾಸನದ ಸುದ್ದಿಗಳಲ್ಲಿ ಜನರನ್ನು ಹೆದರಿಸಿದ್ದು ಅದಕ್ಕಿಂತ ಕಿರಿಯರ ಸಾವು.