ಒಂದು ಪದ, ಮೂರು ದನಿ

ಕೆಲವು ವರ್ಷಗಳ ಹಿಂದೆ ಕೊಪ್ಪಳದಿಂದ ಯಲಬುರ್ಗಾಕ್ಕೆ ಟೆಂಪೊದಲ್ಲಿ ಹೋಗುತ್ತಿದ್ದೆ. ಚಾಲಕನು ಶಿಶುನಾಳ ಶರೀಫರ ತತ್ವಪದಗಳನ್ನು ಹಾಕಿದ್ದ. ಹಾಡುತ್ತಿದ್ದವರು ಸಿ. ಅಶ್ವಥ್. ನನ್ನ ಮುಂದಿನ ಆಸನದಲ್ಲಿ ಕುಳಿತಿದ್ದ ಶಾಲಾ ಮಾಸ್ತರರೊಬ್ಬರು ತಲೆದೂಗುತ್ತ, “ಇದು ನೋಡ್ರಿ ಹಳೇ ಅಶ್ವಥ್. ಆಮ್ಯಾಲೆ ದೊಡ್ಡ ಮೇಳ ಕಟ್ಟಿಕೊಂಡು ಹಾಡಿದ್ರಲ್ಲ, ಅದರಾಗ ಬರೇ ವಾದ್ಯದ ಗದ್ದಲ” ಎಂದರು. ಪಕ್ಕದಲ್ಲಿದ್ದ ಕಾಲೇಜು ಹುಡುಗನಿಗೆ ಅದು ಸರಿಬರಲಿಲ್ಲ. “ಅಲ್ರೀ ಸರ್, ಬಯಲಾಗ ಸಾವಿರಾರು ಮಂದೀನ ಹಿಡಿದು ಕೂಡಿಸೂದು ಹಳೇ ಕ್ಯಾಸೆಟ್ಟಿನ ದನಿಯಿಂದ ಆಗ್ತಿತ್ತೇನ್ರಿ?” ಎಂದು ಕೇಳಿದ. ಚರ್ಚೆ ಬಿಸಿಯಾಯಿತು. ಆಗ ಹಿಂದಿನ ಆಸನದಲ್ಲಿದ್ದ, ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ಅಜ್ಜ ಒಬ್ಬರು ನಕ್ಕು ಹೇಳಿದರು: “ತಮ್ಮಾ, ಮಾಸ್ತರ, ನೀವಿಬ್ರೂ ಬಡಿದಾಡೂದು ಕ್ಯಾಸೆಟ್ಟಿನ ಶರೀಫನ ಸಲುವಾಗಿ. ನಮ್ಮೂರ ಭಜನಿ ಶರೀಫನ ದನಿ ನೀವು ಕೇಳೇ ಇಲ್ಲ.”

ಅಜ್ಜನ ಆ ಮಾತು ಅಂದಿನಿಂದ ನನ್ನೊಳಗೆ ಉಳಿದಿದೆ. ಹಿರಿಯ ಗಾಯಕನೊಬ್ಬ ತನ್ನ ದನಿಯ ರೀತಿಯನ್ನು ಬದಲಿಸಿದಾಗ ಅಭಿಮಾನಿಗಳು ಎರಡು ಪಂಗಡವಾಗುವುದು ಹೊಸ ಸಂಗತಿಯಲ್ಲ. ಆದರೆ ಆ ವಾದದ ಗದ್ದಲದಲ್ಲಿ ಯಾವ ದನಿ ನಮ್ಮ ಕಿವಿಗೆ ಬೀಳದೇ ಹೋಗುತ್ತದೆ ಎಂಬುದನ್ನು ನಾವು ಯೋಚಿಸುವುದು ಅಪರೂಪ. ಅಶ್ವಥ್ ಅವರ ನಿದರ್ಶನವನ್ನೇ ಮುಂದಿಟ್ಟುಕೊಂಡು ಈ ವಿಷಯವನ್ನು ಕೊಂಚ ವಿವರವಾಗಿ ನೋಡೋಣ.

ಕನ್ನಡದ ಕವಿತೆಗಳನ್ನು ಜನರ ನಾಲಗೆಯ ಮೇಲೆ ತಂದ ಸುಗಮ ಸಂಗೀತಕ್ಕೆ ಒಂದು ವಂಶಾವಳಿಯಿದೆ. ಅದರ ಮೊದಲ ಸಾಲಿನಲ್ಲಿ ನಿಲ್ಲುವವರು ಪಿ. ಕಾಳಿಂಗರಾಯರು (1914–1981). ಅವರ ನಂತರ ಮೈಸೂರು ಅನಂತಸ್ವಾಮಿಯವರು. ಅವರ ಸಂಗೀತದಲ್ಲಿ 1978ರಲ್ಲಿ ಹೊರಬಂದ, ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಹೆಸರಾಗಿದೆ. ಈ ಪರಂಪರೆಯ ಶೀಲವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಅದು ಸಂಯಮ. ಕವಿಯ ಮಾತು ಮುಂದೆ, ರಾಗ ಅದರ ಹಿಂದೆ, ವಾದ್ಯ ಇನ್ನೂ ಹಿಂದೆ. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತ ಅಶ್ವಥ್ ಈ ಹಾದಿಯಲ್ಲಿಯೇ ಬಂದವರು. ಆದರೆ ಅವರ ಕೊರಳು ಮೊದಲಿನಿಂದಲೂ ಬೇರೆ ಬಗೆಯದು. ನಯಗೊಳಿಸಿದ ಕಂಠವಲ್ಲ ಅದು. ತೆರೆದ, ಒರಟಾದ, ಮಾತನ್ನು ಹಿಡಿದು ಎಳೆಯುವ ಕಂಠ. ಒಂದೇ ಪದವನ್ನು ನಾಲ್ಕು ಸಲ ಹೇಳಿ ನಾಲ್ಕು ಬಗೆಯ ಅರ್ಥ ಹೊರಡಿಸುವ ಗುಣ ಆ ಕಂಠಕ್ಕಿತ್ತು.

ಈ ಕಂಠಕ್ಕೆ ತಕ್ಕ ಕವಿಯಾಗಿ ದೊರೆತವರು ಶಿಶುನಾಳ ಶರೀಫರು (1819–1889). ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿ, ಬ್ರಾಹ್ಮಣರಾದ ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ, ಜಾತಿ ಮತಗಳ ಗೋಡೆಯನ್ನು ದಾಟಿ ಬಾಳಿದ ಈ ಸಂತರ ಪದಗಳನ್ನು ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಸಂಗ್ರಹಿಸಿ ಸಂಪಾದಿಸಿದರು. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರು ಅವುಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರು ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಮಾಡಿದಾಗ ಸಂಗೀತ ಅಶ್ವಥ್ ಅವರದೇ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಂದಿತು. ಧಾರವಾಡ ಸೀಮೆಯ ಆಡುಮಾತನ್ನು ದಕ್ಷಿಣದವರು ಮೊದಲ ಬಾರಿಗೆ ಪ್ರೀತಿಯಿಂದ ಹಾಡತೊಡಗಿದ್ದು ಈ ಹಾಡುಗಳ ಮೂಲಕ ಎಂದರೆ ತಪ್ಪಾಗಲಾರದು.

ಮಾಸ್ತರರು ‘ಹಳೇ ಅಶ್ವಥ್’ ಎಂದದ್ದು ಈ ಕಾಲದ ಅಶ್ವಥ್ ಅವರನ್ನು. ಮನೆಯ ಮಾಳಿಗೆ ಸೋರುತ್ತಿದೆ, ಏರಿ ಸರಿಪಡಿಸುವವರಿಲ್ಲ ಎಂದು ಶರೀಫರು ದೇಹವೆಂಬ ಮನೆಯನ್ನು ಕುರಿತು ಹಾಡಿದ ಪದವನ್ನು ಅವರ ದನಿಯಲ್ಲಿ ಕೇಳಿನೋಡಿ. ಕುಷ್ಟಗಿ, ಯಲಬುರ್ಗಾ ಕಡೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ ಕಳೆದವರಿಗೆ ಆ ಪದದ ಭಯ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಹನಿ ಬೀಳುವ ಕಡೆ ಪಾತ್ರೆ ಇಡುತ್ತ, ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತ ಬೆಳಗು ಮಾಡಿದವರು ನಾವು. ಅಶ್ವಥ್ ಆ ಪದವನ್ನು ತಡೆತಡೆದು, ದಣಿದವನ ಹಾಗೆ ಹಾಡುತ್ತಾರೆ. ಅಲ್ಲಿ ಗಾಯಕನಿಗಿಂತ ಸೋರುವ ಮನೆಯೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಹಾಡುಗಾರಿಕೆಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿಲ್ಲ.

ಕಾಲೇಜು ಹುಡುಗನು ಹೇಳಿದ್ದು 2005ರ ನಂತರದ ಅಶ್ವಥ್ ಅವರನ್ನು. ಆ ವರ್ಷ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಭಾರೀ ಸಂಗೀತ ಸಮಾರಂಭ ನಡೆಯಿತು. ಆಗ ಅವರ ವಯಸ್ಸು ಅರವತ್ತೈದು. ವೇದಿಕೆಯ ತುಂಬ ವಾದ್ಯಗಾರರು, ಹಿಂದೆ ದೊಡ್ಡ ಸಮೂಹಗಾನ, ಎದುರಿಗೆ ಕಣ್ಣು ಹಾಯುವಷ್ಟು ದೂರ ಜನ. ಸಭಾಂಗಣಗಳಲ್ಲಿ ನಡೆಯುತ್ತಿದ್ದ ಭಾವಗೀತೆಗಳ ಕಾರ್ಯಕ್ರಮ ಬಯಲಿಗೆ ಬಂತು. ಅದರ ಧ್ವನಿಮುದ್ರಣ ಮನೆಗಳನ್ನು ಸೇರಿದಾಗ ಹಳೆಯ ಕೇಳುಗರಲ್ಲಿ ಹಲವರು ಮುಖ ಸಿಂಡರಿಸಿದರು. ಕವಿತೆ ವಾದ್ಯದ ಅಡಿಯಲ್ಲಿ ಮುಳುಗಿತು ಎಂದರು. ಕವಿಯ ಪಿಸುಮಾತನ್ನು ಘೋಷಣೆ ಮಾಡಿದರು ಎಂದರು. ಹೊಸ ಕೇಳುಗರಾದರೋ, ಕನ್ನಡದ ಕವಿತೆಯನ್ನು ಕೇಳಲು ಇಷ್ಟೊಂದು ಜನ ಸೇರಿದ್ದೇ ದೊಡ್ಡದಲ್ಲವೇ, ಸಿನಿಮಾ ಹಾಡಿಗೆ ಮಾತ್ರ ಬರುವ ತರುಣರನ್ನು ಕುವೆಂಪು, ಬೇಂದ್ರೆಯವರ ಬಳಿಗೆ ಕರೆತಂದವರು ಯಾರು ಎಂದು ಮರುಪ್ರಶ್ನೆ ಹಾಕಿದರು.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ನಾಡನ್ನು ಕುರಿತ ಹಾಡು, ಜನರನ್ನು ಎಬ್ಬಿಸಿ ಕರೆಯುವ ಹಾಡು ನೂರು ಕೊರಳನ್ನು ಬಯಸುತ್ತದೆ. ಅಂಥ ಹಾಡುಗಳಲ್ಲಿ ದೊಡ್ಡ ಮೇಳ ಒಪ್ಪುತ್ತದೆ. ಅಶ್ವಥ್ ಅವರ ತೆರೆದ ಕಂಠ ಅಲ್ಲಿ ನಾಯಕನ ಸ್ಥಾನದಲ್ಲಿ ನ್ಯಾಯವಾಗಿಯೇ ನಿಲ್ಲುತ್ತದೆ. ಆದರೆ ಒಬ್ಬನೇ ಕುಳಿತು ತನ್ನ ಮನಸ್ಸಿನೊಡನೆ ಆಡಿಕೊಳ್ಳುವ ಮಾತು, ಗಂಡ ಹೆಂಡಿರ ನಡುವಿನ ಮೆಲುನುಡಿ, ಶರೀಫರ ಬೆಡಗಿನ ಪದ ಇವು ನಿಶ್ಶಬ್ದವನ್ನು ಬೇಡುತ್ತವೆ. ಕೋಳಿಯೊಂದು ಕೋತಿಯನ್ನು ನುಂಗಿತು ಎಂಬ ಒಗಟನ್ನು ಕೇಳಿದವನಿಗೆ ನಗಲು ಒಂದು ಗಳಿಗೆ, ಬೆರಗಾಗಲು ಇನ್ನೊಂದು ಗಳಿಗೆ, ಅರ್ಥ ಹೊಳೆಯಲು ಮತ್ತೊಂದು ಗಳಿಗೆ ಬೇಕು. ಆ ಬಿಡುವುಗಳನ್ನೆಲ್ಲ ವಾದ್ಯದಿಂದ ತುಂಬಿಬಿಟ್ಟರೆ ಕೇಳುಗನು ಕುಣಿಯಬಹುದು, ಒಗಟು ಮಾತ್ರ ಬಿಡಿಸದೆ ಉಳಿಯುತ್ತದೆ. ಆದುದರಿಂದ ದನಿ ಬದಲಾಯಿತೆಂಬುದು ದೋಷವಾಗಲಾರದು. ಹಾಡು ಮುಗಿದ ಮೇಲೆ ಕೇಳುಗನಿಗೆ ಮಾತು ನೆನಪಿದೆಯೇ, ವಾದ್ಯದ ಪೆಟ್ಟು ಮಾತ್ರ ನೆನಪಿದೆಯೇ ಎಂಬುದು ಪರೀಕ್ಷೆ. ಈ ಪರೀಕ್ಷೆಯಲ್ಲಿ ಕೊನೆಯ ವರ್ಷಗಳ ಅಶ್ವಥ್ ಕೆಲವೊಮ್ಮೆ ಗೆದ್ದರು, ಕೆಲವೊಮ್ಮೆ ಸೋತರು.

ಇನ್ನೊಂದು ಮಾತನ್ನೂ ಹೇಳಬೇಕು. ‘ಮೊದಲಿನ ಹಾಗೆ ಹಾಡಲಿ’ ಎಂದು ಕೇಳುವ ಅಭಿಮಾನಿಯು ಬಹುಮಟ್ಟಿಗೆ ತನ್ನ ಯೌವನವನ್ನೇ ಮರಳಿ ಕೇಳುತ್ತಿರುತ್ತಾನೆ. ಕ್ಯಾಸೆಟ್ಟಿನಲ್ಲಿ ನಿಂತುಹೋದ ದನಿಗೆ ವಯಸ್ಸಾಗುವುದಿಲ್ಲ. ಹಾಡುವವನ ಕೊರಳಿಗೆ ಆಗುತ್ತದೆ. ಅಶ್ವಥ್ ಅವರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಅರವತ್ತು ದಾಟಿದ ಮೇಲೆಯೂ ಹೊಸದೊಂದಕ್ಕೆ ಕೈಹಾಕುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆ ಧೈರ್ಯವನ್ನು ಗೌರವಿಸಿ, ಅದರ ಫಲವನ್ನು ವಿಮರ್ಶಿಸುವುದು ಸಾಧ್ಯವಿದೆ.

ಕಾಲ ಕಳೆದಂತೆ ಈ ವಾದಕ್ಕೆ ಹೊಸ ತಿರುವುಗಳು ಬಂದವು. 2008ರಲ್ಲಿ ರಘು ದೀಕ್ಷಿತ್ ಅವರು ತಮ್ಮ ಮೊದಲ ಆಲ್ಬಮ್‌ನಲ್ಲಿ ಶರೀಫರ ಪದವೊಂದನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಿದರು. ಆಗ ‘ಇದು ಶರೀಫರ ದನಿಯಲ್ಲ’ ಎಂದವರಲ್ಲಿ ಅನೇಕರಿಗೆ ‘ಶರೀಫರ ದನಿ’ ಎಂದರೆ ಅಶ್ವಥ್ ಅವರ ದನಿಯೇ ಆಗಿತ್ತು. ಒಂದು ಕಾಲದ ಹೊಸತು ಇನ್ನೊಂದು ಕಾಲಕ್ಕೆ ಮೂಲವೆನಿಸಿಕೊಳ್ಳುತ್ತದೆ. ನಾಡಗೀತೆಯ ವಿಷಯದಲ್ಲಿ ಈ ಚರ್ಚೆ ಸರ್ಕಾರದ ಮೇಜಿನವರೆಗೂ ಹೋಯಿತು. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ನಾಡಗೀತೆಯೆಂದು ಘೋಷಿಸಿದ ಮೇಲೆ, ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರ ಧಾಟಿಯೋ ಎಂಬ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿತು. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ ಆದೇಶಿಸಿತು. ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಕೂಡಿ ಹಾಡಲು ಒಂದು ಧಾಟಿ ಬೇಕು, ನಿಜ. ಆದರೆ ಜನರ ಕೊರಳಿನಲ್ಲಿ ಬಾಳುವ ಪದಗಳಿಗೆ ಅಂಥ ಆದೇಶ ಯಾರೂ ಹೊರಡಿಸಲಾರರು.

ನಮ್ಮ ದೇವಾಲಯಗಳ ಗಾಯನವೃಂದಗಳಲ್ಲಿಯೂ ಇದೇ ಜಗಳ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತಿರುವುದನ್ನು ಓದುಗರು ಬಲ್ಲರು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಲತೀನ್ ಹೋಗಿ ಕನ್ನಡ ಬಂದಾಗ ಕಣ್ಣೀರು ಹಾಕಿದ ಹಿರಿಯರಿದ್ದರು. ಕನ್ನಡದ ಗೀತೆಗಳು ಹಾರ್ಮೋನಿಯಂ ತಬಲಗಳೊಡನೆ ನೆಲೆನಿಂತವು. ಈಗ ಕೀಬೋರ್ಡು ಬಂದಿದೆ. ಹಾರ್ಮೋನಿಯಮ್ಮೇ ಪರಂಪರೆ ಎನ್ನುವವರಿದ್ದಾರೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೆ ಮಾತು ಕೇಳಿಸಿತೇ, ಅವಳೂ ದನಿಗೂಡಿಸಿದಳೇ?

ಈಗ ಟೆಂಪೊದ ಅಜ್ಜನ ಮಾತಿಗೆ ಬರೋಣ. ಅವರು ಹೇಳಿದ ಮೂರನೆಯ ದನಿ ಯಾವುದು? ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಅಮವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ, ಸಾವಾದ ಮನೆಯ ಅಂಗಳದಲ್ಲಿ ಭಜನೆಯವರು ಕೂಡುವುದುಂಟು. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ. ಮುಂದಿನವನು ಒಂದು ನುಡಿ ಹೇಳುತ್ತಾನೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ಕ್ಯಾಸೆಟ್ಟಿನ ನಾಲ್ಕೈದು ನಿಮಿಷದ ಗಡಿ ಅಲ್ಲಿಲ್ಲ. ನಡುನಡುವೆ ಹಾಡು ನಿಲ್ಲಿಸಿ ಅರ್ಥ ಬಿಡಿಸುವುದೂ ಉಂಟು. ಕೊನೆಯಲ್ಲಿ ‘ಶಿಶುನಾಳಧೀಶ’ನ ಅಂಕಿತ ಬಂದಾಗ ಎಲ್ಲರೂ ಕೈಮುಗಿಯುತ್ತಾರೆ. ಮೊಹರಮ್ಮಿನಲ್ಲಿ ಎಲ್ಲ ಜಾತಿಯವರೂ ಸೇರಿ ರಿವಾಯತ್ ಪದಗಳನ್ನು ಹಾಡುವ ಸೀಮೆ ಇದು. ಶರೀಫರೂ ರಿವಾಯತ್‌ಗಳನ್ನು ಕಟ್ಟಿದವರೇ. ಹೀಗಾಗಿ ಅವರ ಪದಗಳು ಇಲ್ಲಿನವರಿಗೆ ಹೊರಗಿನಿಂದ ಬಂದ ವಸ್ತುವಲ್ಲ. ಒಂದೊಂದು ಊರಿಗೆ ಒಂದೊಂದು ಮಟ್ಟು, ಅಜ್ಜನಿಂದ ಮೊಮ್ಮಗನಿಗೆ ಕಿವಿಯಿಂದ ಕಿವಿಗೆ ಬಂದದ್ದು.

ಕ್ಯಾಸೆಟ್ಟು ಬಂದ ಮೇಲೆ ಏನಾಯಿತು? ಶರೀಫರ ಹೆಸರು ದೇಶಕ್ಕೆಲ್ಲ ತಿಳಿಯಿತು. ಇದು ದೊಡ್ಡ ಉಪಕಾರ. ಆದರೆ ಭಜನೆಯ ಹುಡುಗರು ಕ್ಯಾಸೆಟ್ಟಿನ ಧಾಟಿಯನ್ನೇ ಕಲಿತರು. ಊರಿನ ಮಟ್ಟಿನಲ್ಲಿ ಹಾಡುವ ಹಿರಿಯರನ್ನು ಕೇಳಿ, ‘ಅಜ್ಜಾ, ನೀ ತಪ್ಪು ಹಾಡಾಕತ್ತೀ’ ಎಂದವರೂ ಇದ್ದಾರೆ. ನೂರಾರು ಪದಗಳಲ್ಲಿ ಕ್ಯಾಸೆಟ್ಟಿಗೆ ಏರಿದ ಕೆಲವೇ ಪದಗಳು ಉಳಿದು, ಉಳಿದವು ಹಿಂದೆ ಸರಿದವು. ಇದು ಅಶ್ವಥ್ ಅವರ ತಪ್ಪಲ್ಲ. ಅವರು ತಮ್ಮ ಒಂದು ಧಾಟಿಯನ್ನು ಕೊಟ್ಟರು. ಅದೊಂದೇ ಧಾಟಿಯೆಂದು ನಂಬಿದವರು ನಾವು. ಹಳೆಯ ಅಶ್ವಥ್ ಮೇಲೋ ಹೊಸ ಅಶ್ವಥ್ ಮೇಲೋ ಎಂದು ನಾವು ವಾದಿಸುತ್ತಿರುವಾಗ, ಯಾವ ಧ್ವನಿಮುದ್ರಣಕ್ಕೂ ಸಿಗದ ಮಟ್ಟುಗಳು ಒಬ್ಬೊಬ್ಬ ಹಿರಿಯರೊಡನೆ ಮಣ್ಣು ಸೇರುತ್ತಿವೆ. ಅಶ್ವಥ್ ಅವರ ಎರಡೂ ದನಿಗಳು ಮುದ್ರಿತವಾಗಿ ಭದ್ರವಾಗಿವೆ. ನಾಳೆ ಇಲ್ಲವಾಗುವುದು ಮೂರನೆಯದು.

ಇಂದು ಪ್ರತಿಯೊಂದು ಮನೆಯಲ್ಲಿಯೂ ದನಿ ಹಿಡಿದಿಡುವ ಮೊಬೈಲು ಇದೆ. ನಿಮ್ಮ ಊರಿನ, ನಿಮ್ಮ ನೆರೆಯ ಹಿರಿಯರು ಹಾಡುವ ಪದವನ್ನು ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳಿ. ಯಾರಿಂದ ಕಲಿತರೆಂದು ಕೇಳಿ ಬರೆದಿಡಿ. ಮಕ್ಕಳಿಗೆ ಅಶ್ವಥ್ ಅವರ ಹಳೆಯ ಹಾಡನ್ನು ಕೇಳಿಸಿ, ಹೊಸದನ್ನೂ ಕೇಳಿಸಿ, ಅದೇ ಪದವನ್ನು ಊರಿನವರ ಬಾಯಿಂದಲೂ ಕೇಳಿಸಿ. ಯಾವುದು ಮೇಲೆಂದು ಅವರೇ ತೀರ್ಮಾನಿಸಲಿ.

ಆ ದಿನ ಕುಕನೂರಿನಲ್ಲಿ ಟೆಂಪೊ ನಿಂತಾಗ ಚಾಲಕನು ಹಾಡು ನಿಲ್ಲಿಸಿ ಚಹಾಕ್ಕೆ ಇಳಿದ. ಮಾಸ್ತರರು ಒತ್ತಾಯ ಮಾಡಿದ್ದಕ್ಕೆ ಅಜ್ಜ ಸೋರುವ ಮಾಳಿಗೆಯ ಪದವನ್ನೇ ತಮ್ಮ ಊರಿನ ಮಟ್ಟಿನಲ್ಲಿ ಎರಡು ನುಡಿ ಹಾಡಿದರು. ಹಲ್ಲಿಲ್ಲದ ಬಾಯಿ, ನಡುಗುವ ದನಿ. ವಾದ್ಯವೆಂದರೆ ಮುಂದಿನ ಆಸನದ ಕಬ್ಬಿಣದ ಮೇಲೆ ಬಡಿಯುವ ಬೆರಳು. ಅಶ್ವಥ್ ಎಳೆದು ಹಾಡುವ ಕಡೆ ಅಜ್ಜ ಸುಮ್ಮನೆ ಮಾತಿನಂತೆ ಹೇಳಿ ಮುಂದೆ ಹೋದರು, ಮನೆ ಸೋರುವುದು ದಿನನಿತ್ಯದ ಸಂಗತಿ ಎಂಬ ಹಾಗೆ. ಹುಡುಗನು ಮತ್ತೊಮ್ಮೆ ಹಾಡಿರೆಂದ. ಮಾಸ್ತರರು ಅಜ್ಜನ ಊರು ಯಾವುದೆಂದು, ಭಜನೆ ಯಾವ ದಿನವೆಂದು ಕೇಳಿ ಚೀಟಿಯಲ್ಲಿ ಬರೆದುಕೊಂಡರು.